ತೊಗರಿ ಬೇಳೆ 200 ರೂಪಾಯಿ ಆದಾಗ ಆ ದುಡ್ಡು ಯಾರ ಕೈಗೆ ಹೋಯಿತು?

ಎಲ್ಲರಿಗೂ ನಮಸ್ಕಾರ. ಇವತ್ತು ರೇಟಿನ ಬಗ್ಗೆ ಮಾತಾಡೋಣ. ಮಾರ್ಕೆಟ್‌ನಲ್ಲಿ ಒಂದು ಸಾಮಾನು ಸಿಗಲ್ಲವಂತೆ ಅಂತ ಸುದ್ದಿ ಹಬ್ಬಿದ ಕೂಡಲೇ ಅದರ ಬೆಲೆ ಏರುತ್ತದೆ ಅಲ್ವಾ, ಆ ಏರಿಕೆ ಬಗ್ಗೆ. ಅರ್ಥಶಾಸ್ತ್ರ ಓದಿದ ಬಹಳ ಜನ ಏರಲಿ ಬಿಡಿ, ಅದರಿಂದ ಒಳ್ಳೆಯದೇ ಆಗುತ್ತದೆ ಅನ್ನುತ್ತಾರೆ. ಅಂಗಡಿ ಮುಂದೆ ಚೀಲ ಹಿಡಿದು ನಿಂತವರು ಇದು ಹಗಲು ದರೋಡೆ ಅನ್ನುತ್ತಾರೆ. ನಾನು ಕಲಬುರಗಿಯವನು. ಇಲ್ಲಿ ನೆಹರು ಗಂಜ್ ಅನ್ನೋ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ ತೊಗರಿ ಮಾರುವವರೂ ಇದ್ದಾರೆ, ಸಂಜೆ ಅದೇ ಬೇಳೆಯನ್ನು ಕಿರಾಣಿಯಲ್ಲಿ ಕೊಳ್ಳುವವರೂ ಇದ್ದಾರೆ. ಇಬ್ಬರ ಕಡೆಯಿಂದಲೂ ನೋಡಿದ ಮೇಲೆ ನನಗೆ ಅನ್ನಿಸೋದು ಇಷ್ಟು: ಹೆಚ್ಚಾದ ಆ ದುಡ್ಡು ಯಾರ ಕೈ ಸೇರುತ್ತದೆ, ಹೊಸ ಮಾಲು ಬರೋಕೆ ಎಷ್ಟು ದಿನ ಬೇಕು, ಈ ಎರಡನ್ನು ಕೇಳದೆ ಬೆಲೆ ಏರಿದ್ದು ಸರಿ ಅಂತಲೂ ಹೇಳಬಾರದು, ತಪ್ಪು ಅಂತಲೂ ಹೇಳಬಾರದು.

ಮೊದಲು ಅರ್ಥಶಾಸ್ತ್ರ ಓದಿದವರ ವಾದ ಕೇಳೋಣ, ಅದರಲ್ಲಿ ಹುರುಳಿದೆ. ಮಾಸ್ಕ್ 10 ರೂಪಾಯಿಗೆ ಸಿಕ್ಕರೆ ಮೊದಲು ಬಂದವನು ಡಬ್ಬಿಗಟ್ಟಲೆ ಒಯ್ಯುತ್ತಾನೆ. 30 ಆದರೆ ಮನೆಗೆ ಬೇಕಾದಷ್ಟೇ ಕೊಳ್ಳುತ್ತಾನೆ, ಹಿಂದೆ ನಿಂತವನಿಗೂ ಉಳಿಯುತ್ತದೆ. ಆ ಕಡೆ ಮಾಸ್ಕ್ ಮಾಡುವವನು ಲಾಭ ನೋಡಿ ರಾತ್ರಿ ಪಾಳಿಯೂ ನಡೆಸುತ್ತಾನೆ.

ಇದನ್ನು ನಾವು ದೇಶಕ್ಕಿಂತ ಮೊದಲೇ ನೋಡಿದೆವು. ಭಾರತದಲ್ಲಿ ಕೊರೊನಾದ ಮೊದಲ ಸಾವು ನಮ್ಮ ಕಲಬುರಗಿಯವರದು. 2020ರ ಮಾರ್ಚ್ 10ಕ್ಕೆ ತೀರಿಕೊಂಡರು, ಕಾರಣ ಕೊರೊನಾ ಅಂತ 12ಕ್ಕೆ ಗೊತ್ತಾಯಿತು. ಮಾರನೇ ದಿನ ಕೇಂದ್ರ ಸರ್ಕಾರ ಮಾಸ್ಕನ್ನೂ ಸ್ಯಾನಿಟೈಸರನ್ನೂ ಅಗತ್ಯ ವಸ್ತು ಅಂತ ಘೋಷಿಸಿತು. 21ಕ್ಕೆ ಬೆಲೆ ಕಟ್ಟಿತು: ಎರಡು ಪದರದ ಮಾಸ್ಕ್ 8 ರೂಪಾಯಿ, ಮೂರು ಪದರದ್ದು 10, ಸ್ಯಾನಿಟೈಸರ್ 200 ಮಿಲಿಗೆ 100. ಸರ್ಕಾರದ ಉದ್ದೇಶ ಒಳ್ಳೆಯದೇ. ಆದರೆ ಮೆಡಿಕಲ್ ಶಾಪಿಗೆ ಹೋದರೆ ಸಿಗುತ್ತಿದ್ದದ್ದು ಒಂದೇ ಉತ್ತರ, 'ಸ್ಟಾಕ್ ಇಲ್ಲ ರೀ.' 10 ರೂಪಾಯಿ ಅಂತ ಆದೇಶದಲ್ಲಿದ್ದು ಅಂಗಡಿಯಲ್ಲಿ ಮಾಲೇ ಇಲ್ಲದಿದ್ದರೆ ಆ ಅಗ್ಗದಿಂದ ಯಾರಿಗೆ ಏನು ಸಿಕ್ಕ ಹಾಗಾಯಿತು?

ಆಮೇಲೆ ಗಲ್ಲಿ ಗಲ್ಲಿಯಲ್ಲಿ ಟೇಲರ್‌ಗಳು, ಸ್ವಸಹಾಯ ಸಂಘದ ಅಕ್ಕಂದಿರು ಬಟ್ಟೆ ಮಾಸ್ಕ್ ಹೊಲಿಯೋಕೆ ಕೂತರು. ಜೂನ್ 30ಕ್ಕೆ ಆ ಆದೇಶದ ಅವಧಿ ಮುಗಿಯಿತು, ಸಾಕಷ್ಟು ಮಾಲು ಇದೆ ಅಂತ ಸರ್ಕಾರ ಮುಂದುವರಿಸಲಿಲ್ಲ. ಬಟ್ಟೆ ಇತ್ತು, ಮಷೀನ್ ಇತ್ತು, ಕೈಗಳಿದ್ದವು, ಹಾಗಾಗಿ ಮಾಲು ಬೇಗ ಬಂತು. ಇಂಥ ಕಡೆ ಸ್ವಲ್ಪ ದಿನ ಬೆಲೆ ಏರಿದರೆ ತಡೆದುಕೊಳ್ಳಬಹುದು.

ರೆಮ್‌ಡೆಸಿವಿರ್ ಕಥೆ ಬೇರೆ. 2021ರ ಏಪ್ರಿಲ್, ಮೇ ತಿಂಗಳು. ಆ ಇಂಜೆಕ್ಷನ್ ಕೊರೊನಾಕ್ಕೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲೇ ಹೇಳಿತ್ತು. ಆದರೂ ಡಾಕ್ಟರ್ ಬರೆದ ಚೀಟಿ ಹಿಡಿದು ಜನ ಊರೂರು ಅಲೆದರು. ಎಂಆರ್‌ಪಿ ಇಳಿಸಿದರು, ಬ್ಲ್ಯಾಕ್‌ನಲ್ಲಿ ಅದರ ಎಷ್ಟೋ ಪಟ್ಟು ನಡೆಯಿತು. ಇಲ್ಲಿ ಏರಿದ ಬೆಲೆ ಏನು ಕೆಲಸ ಮಾಡಿತು? ಕಾರ್ಖಾನೆಯಲ್ಲಿ ಆ ಔಷಧ ತಯಾರಾಗೋಕೆ ವಾರಗಟ್ಟಲೆ ಬೇಕು, ದುಪ್ಪಟ್ಟು ದುಡ್ಡು ಕೊಟ್ಟರೂ ನಾಳೆ ಬೆಳಿಗ್ಗೆ ಬರಲ್ಲ. ತಂದೆ ಐಸಿಯುನಲ್ಲಿ ಇರುವಾಗ ಮಗ ರೇಟು ಜಾಸ್ತಿ ಆಯಿತು ಅಂತ ಕಡಿಮೆ ಕೊಳ್ಳಲ್ಲ, ಹೊಲ ಅಡ ಇಡುತ್ತಾನೆ. ಹೊಸ ಮಾಲೂ ತಕ್ಷಣ ಬರಲಿಲ್ಲ, ಕೇಳುವವರೂ ಕಡಿಮೆಯಾಗಲಿಲ್ಲ. ಇಂಥ ಹೊತ್ತಲ್ಲಿ ಬೆಲೆ ಏರಿಸುವುದನ್ನು ಮಾರುಕಟ್ಟೆಯ ನಿಯಮ ಅಂತ ಸಮರ್ಥಿಸುವವರನ್ನು ನಾನು ಒಪ್ಪಲ್ಲ. ಇದ್ದಷ್ಟನ್ನು ನಿಜವಾಗಿ ಬೇಕಾದ ರೋಗಿಗೆ ಆಸ್ಪತ್ರೆಯೇ ಲೆಕ್ಕ ಇಟ್ಟು ಕೊಡಬೇಕು. ಬೇರೆ ದಾರಿ ಇಲ್ಲ.

ಮೂರನೇದು ಸುಮ್ನೆ ಭಯದಿಂದ ಹುಟ್ಟೋ ಕೊರತೆ. 2016ರ ನವೆಂಬರ್ 8ಕ್ಕೆ ನೋಟು ರದ್ದಾಯಿತು, 11ಕ್ಕೆ ಉತ್ತರ ಪ್ರದೇಶ, ದೆಹಲಿ ಕಡೆ ಉಪ್ಪು ಖಾಲಿಯಂತೆ ಅಂತ ಗಾಳಿಸುದ್ದಿ ಹಬ್ಬಿತು. ಕಿಲೋ ಉಪ್ಪಿಗೆ 200 ರೂಪಾಯಿ ಮೇಲೆ ಕೊಟ್ಟವರಿದ್ದಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಉಪ್ಪು ತೆಗೆಯುವ ದೇಶಗಳಲ್ಲಿ ನಮ್ಮದೂ ಒಂದು. ಗುಜರಾತಿನ ಆಗರಗಳಲ್ಲಿ ಆ ದಿನವೂ ಉಪ್ಪಿನ ಗುಡ್ಡೆಗಳಿದ್ದವು. ಇಲ್ಲಿ ಬೆಲೆ ಏರಿದರೆ ಭಯ ಇಳಿಯಲ್ಲ, ಬೆಲೆಯೇ ಸಾಕ್ಷಿಯಾಗಿಬಿಡುತ್ತದೆ. '200 ಆಗಿದೆ ಅಂದರೆ ನಿಜವಾಗಿ ಖಾಲಿ ಆಗಿರಬೇಕು' ಅಂತ ಇನ್ನೂ ನೂರು ಜನ ಓಡುತ್ತಾರೆ. ಇದಕ್ಕೆ ಮದ್ದು ಅಂದರೆ ಅಂಗಡಿಯವನು ಹಳೇ ರೇಟಿಗೇ ಮಾರಬೇಕು, ಒಬ್ಬರಿಗೆ ಎರಡೇ ಪ್ಯಾಕೆಟ್ ಅಂತ ಮಿತಿ ಹಾಕಬೇಕು, ಮೂಟೆಗಳನ್ನು ಜನರ ಕಣ್ಣಿಗೆ ಕಾಣೋ ಹಾಗೆ ಇಡಬೇಕು. ನಾಳೆಯೂ ಸಿಗುತ್ತದೆ ಅಂತ ಕಂಡರೆ ಯಾರೂ ಮನೆಯಲ್ಲಿ ಗುಡ್ಡೆ ಹಾಕಿಕೊಳ್ಳಲ್ಲ.

ಈಗ ನಮ್ಮ ತೊಗರಿಗೆ ಬರೋಣ, ನನಗೆ ಹೊಟ್ಟೆ ಉರಿಯೋದು ಇಲ್ಲೇ. 2014ರಲ್ಲೂ 2015ರಲ್ಲೂ ಮಳೆ ಕೈಕೊಟ್ಟಿತು. 2015ರ ಅಕ್ಟೋಬರ್ ಹೊತ್ತಿಗೆ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ತೊಗರಿ ಬೆಳೆಯುವ ನಾಡಿನಲ್ಲೇ ಮನೆಯಲ್ಲಿ ಸಾರು ತೆಳ್ಳಗಾಯಿತು. ರೈತನಿಗಾದರೂ ಲಾಭ ಆಯಿತಾ ಅಂದರೆ ಅದೂ ಇಲ್ಲ. ನಮ್ಮಲ್ಲಿ ಜೂನ್, ಜುಲೈನಲ್ಲಿ ಬಿತ್ತುತ್ತಾರೆ, ಡಿಸೆಂಬರ್, ಜನವರಿಯಲ್ಲಿ ರಾಶಿ. ರಾಶಿಯಾದ ಕೂಡಲೇ ಚೀಲಗಳು ಗಂಜ್‌ಗೆ ಬರುತ್ತವೆ, ಯಾಕೆಂದರೆ ಬೀಜ, ಗೊಬ್ಬರಕ್ಕೆ ಅಡತ್ ಅಂಗಡಿಯಲ್ಲಿ, ಅಂದರೆ ದಲ್ಲಾಳಿ ಹತ್ತಿರ, ಮಾಡಿದ ಸಾಲ ತೀರಿಸಬೇಕು. ಅಕ್ಟೋಬರ್‌ನಲ್ಲಿ ರೇಟು ಏರೋ ಹೊತ್ತಿಗೆ ಅವನ ಮನೆಯಲ್ಲಿ ಒಂದು ಚೀಲವೂ ಇರಲ್ಲ, ಅವನೂ ಕಿರಾಣಿ ಅಂಗಡಿಯಲ್ಲಿ ಪಾವ್ ಕಿಲೋ ಬೇಳೆ ಕೇಳುತ್ತಾನೆ.

ಆದರೂ ಆ ಬೆಲೆಯನ್ನು ರೈತ ನಂಬಿದ. 2016ರಲ್ಲಿ ಮಳೆಯೂ ಚೆನ್ನಾಗಿ ಬಂತು, ಎಲ್ಲರೂ ತೊಗರಿ ಬಿತ್ತಿದರು. ದೇಶದ ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್‌ಗೆ ಹೋಯಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050, ಮಾರುಕಟ್ಟೆ ಅದಕ್ಕಿಂತ ಕೆಳಗೆ ಕುಸಿಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿತು. ಬೆಲೆ ಏರಿದರೆ ಮಾಲು ಬರುತ್ತದೆ ಅನ್ನೋ ಪಾಠ ಸರಿಯೇ, ಮಾಲು ಬಂತು. ಆದರೆ ಒಂದು ವರ್ಷ ತಡವಾಗಿ ಬಂತು, ತಂದವನೇ ಅದರ ಪೆಟ್ಟು ತಿಂದ.

ಹಾಗಂತ ಗೋದಾಮು ಇಟ್ಟವರೆಲ್ಲ ಕಳ್ಳರು ಅಂತ ನಾನು ಹೇಳಲ್ಲ. ಜನವರಿಯಲ್ಲಿ ಬಂದ ತೊಗರಿಯನ್ನು ಯಾರೋ ಒಬ್ಬರು ಹುಳ ಬೀಳದ ಹಾಗೆ, ಬಡ್ಡಿ ಕಟ್ಟಿಕೊಂಡು ಕಾಯದಿದ್ದರೆ ಅಕ್ಟೋಬರ್‌ನಲ್ಲಿ 200 ಕೊಟ್ಟರೂ ಬೇಳೆ ಇರಲ್ಲ. ಸುಗ್ಗಿಯಲ್ಲಿ ಕೊಂಡು ಇಡುವುದು ವ್ಯಾಪಾರ. ಜನ ಕಂಗಾಲಾದ ಮೇಲೆ ಶಟರ್ ಎಳೆದು ಇನ್ನೂ ಏರಲಿ ಅಂತ ಕೂರುವುದು ಬೇರೆ. ನಮ್ಮ ಕಾನೂನು ಈ ಎರಡಕ್ಕೂ ಒಂದೇ ದೊಣ್ಣೆ ಬೀಸುತ್ತದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ನಮ್ಮ ಹೊಲಗಳನ್ನು ಒಣಗಿಸಿತ್ತು, ಬೆಲೆ ಏರುತ್ತಿತ್ತು. 2023ರ ಜೂನ್‌ನಲ್ಲಿ ಸಗಟು ವ್ಯಾಪಾರಿ 200 ಟನ್ ಮೇಲೆ ಇಡಬಾರದು ಅಂತ ಕೇಂದ್ರ ಮಿತಿ ಹಾಕಿತು. ಸೆಪ್ಟೆಂಬರ್‌ನಲ್ಲಿ ಅದನ್ನೇ 50 ಟನ್‌ಗೆ ಇಳಿಸಿ ಡಿಸೆಂಬರ್ ಕೊನೆವರೆಗೆ ಎಳೆದರು. ಡಿಸೆಂಬರ್ ಅಂದರೆ ಹೊಸ ತೊಗರಿ ಗಂಜ್‌ಗೆ ಕಾಲಿಡುವ ತಿಂಗಳು. ವ್ಯಾಪಾರಿಯ ಕೈ ಕಟ್ಟಿದರೆ ಹರಾಜಿನಲ್ಲಿ ರೇಟು ಕೂಗುವವರು ಯಾರು? ರೋಗದಲ್ಲಿ ಬೆಳೆ ಕಳೆದುಕೊಂಡ ರೈತನಿಗೆ ಅಪರೂಪಕ್ಕೆ ಒಳ್ಳೆ ಬೆಲೆ ಸಿಗೋ ಕಾಲಕ್ಕೇ ಅಡ್ಡಗಾಲು ಹಾಕುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಪೇಟೆಯ ಬಡವರಿಗೆ ಬೇಳೆ ಅಗ್ಗವಾಗಬೇಕು ಅಂದರೆ ಸರ್ಕಾರ ಸುಗ್ಗಿಯಲ್ಲೇ ಒಳ್ಳೆ ಬೆಲೆಗೆ ಕೊಂಡು, ರೇಷನ್ ಅಂಗಡಿಯಲ್ಲಿ ತನ್ನ ಖರ್ಚಿನಲ್ಲಿ ಅಗ್ಗವಾಗಿ ಕೊಡಲಿ. ರೈತನ ಜೇಬಿನಿಂದ ಬೇಡ. ಜೊತೆಗೆ ಉಗ್ರಾಣದಲ್ಲಿ ಇಟ್ಟ ಮಾಲಿನ ರಸೀದಿ ಮೇಲೆ ಕಡಿಮೆ ಬಡ್ಡಿಗೆ ಸಾಲ ಸಿಗಬೇಕು. ಆ ರಸೀದಿಗೆ 2007ರ ಕಾನೂನೇ ಇದೆ. ಸಣ್ಣ ರೈತನೂ ತನ್ನ ಹತ್ತು ಚೀಲ ಹಾಗೆ ಇಟ್ಟು ಏಪ್ರಿಲ್‌ವರೆಗೆ ಕಾಯೋ ಹಾಗಾದರೆ, ಮುಂದಿನ ಸಲ ಬೆಲೆ ಏರಿದಾಗ ಅದರಲ್ಲಿ ಅವನ ಪಾಲೂ ಇರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ, ಸೇಡಂ ಕಡೆ ಯಾರಾದರೂ ಈ ರಸೀದಿ ಸಾಲ ತೆಗೆದುಕೊಂಡಿದ್ದರೆ ಬಡ್ಡಿ ಎಷ್ಟು, ಎಷ್ಟು ಸಲ ಓಡಾಡಿಸಿದರು ಅಂತ ಕಮೆಂಟ್‌ನಲ್ಲಿ ಬರೆಯಿರಿ. ಕೇಳಿಯೂ ಸಿಗದವರು ಅದನ್ನೂ ಬರೆಯಿರಿ. ಮುಂದಿನ ವಿಡಿಯೋ ಅದರ ಮೇಲೇ ಮಾಡುತ್ತೇನೆ.