ನಾಲ್ಕು ಮಕ್ಕಳು, ಒಂದು ಹಡಗು, ಒಂದು ಅರ್ಜಿ

ಎಲ್ಲರಿಗೂ ನಮಸ್ಕಾರ.

ಉತ್ತರ ಕರ್ನಾಟಕದ ಕಡೆಯವರು ಇಲ್ಲಿದ್ದರೆ ಹೆಳವರನ್ನು ನೋಡಿಯೇ ಇರುತ್ತೀರಿ. ಸುಗ್ಗಿ ಮುಗಿದ ಮೇಲೆ ಬಂದು, ಅಂಗಳದಲ್ಲಿ ಕೂತು, ನಿಮ್ಮ ಮುತ್ತಜ್ಜನ ಮುತ್ತಜ್ಜ ಯಾವ ಊರು ಬಿಟ್ಟು ಬಂದ, ಅವನಿಗೆ ಎಷ್ಟು ಮಕ್ಕಳು ಎಂದು ಒಂದೇ ಉಸಿರಿನಲ್ಲಿ ಹೇಳಿ, ಕಾಳುಕಡಿ ಕಟ್ಟಿಕೊಂಡು ಹೋಗುವವರು. ನಾನು ಇವತ್ತು ಹೇಳಹೊರಟಿರುವ ಮನುಷ್ಯನಿಗೆ ಅಂಥ ಹೆಳವರಿರಲಿಲ್ಲ. ಅವನ ಮೂಲ ಹುಡುಕಲು ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಮುನ್ನೂರು ವರ್ಷ ಹಿಡಿಯಿತು.

ಹೆಸರು ರಿಚರ್ಡ್ ಮೋರ್. ನನಗೆ ಅವನ ಪರಿಚಯವಾದದ್ದು ಸ್ಮಶಾನದಲ್ಲಿ. ಬಾಸ್ಟನ್ ಹತ್ತಿರ ಮಗಳ ಮನೆಗೆ ಹೋಗಿದ್ದಾಗ ಒಂದು ದಿನ ಸೇಲಂ ನೋಡಲು ಕರೆದುಕೊಂಡು ಹೋದಳು. ಜನ ಅಲ್ಲಿಗೆ ಹೋಗುವುದು 1692ರ ಮಾಟಗಾತಿಯರ ವಿಚಾರಣೆಯ ಕಥೆ ಕೇಳಲು. ಚಾರ್ಟರ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ ಆ ವಿಚಾರಣೆ ನಡೆಸಿದ ಜಾನ್ ಹಾಥಾರ್ನ್‌ನ ಗೋರಿಯೂ ಇದೆ. ಅಲ್ಲೇ ಇನ್ನೊಂದು ಕಲ್ಲು: ‘ಕ್ಯಾಪ್ಟನ್ ರಿಚರ್ಡ್ ಮೋರ್, ವಯಸ್ಸು 84’. ಅದರ ಕೆಳಗೆ ‘ತೀರಿಕೊಂಡದ್ದು 1692, ಮೇಫ್ಲವರ್ ಯಾತ್ರಿಕ’. ಮೇಫ್ಲವರ್ ಹಡಗಿನಲ್ಲಿ ಬಂದವರ ಪೈಕಿ ಅವರ ಕಾಲದಲ್ಲೇ ನೆಟ್ಟ ಗೋರಿಕಲ್ಲು ನೆಟ್ಟ ಜಾಗದಲ್ಲೇ ಉಳಿದಿರುವುದು ಇವನೊಬ್ಬನದು.

ನಾನು ಲೆಕ್ಕದ ಮನುಷ್ಯ, ಕಲ್ಲಿನ ಮುಂದೆ ನಿಂತೇ ಕಳೆದು ನೋಡಿದೆ. 1692ರಲ್ಲಿ 84 ಎಂದರೆ 1608ರಲ್ಲಿ ಹುಟ್ಟಿರಬೇಕು. ಮನೆಗೆ ಬಂದು ಓದಿದರೆ ಅವನ ಅಪ್ಪ ಅಮ್ಮನ ಮದುವೆ ಆದದ್ದೇ 1611ರಲ್ಲಿ! ಕೆಳಗಿನ ಸಾಲು ಎಷ್ಟೋ ಕಾಲದ ನಂತರ ಯಾರೋ ಅಭಿಮಾನದಿಂದ ಕೆತ್ತಿಸಿದ್ದು, ಇಸವಿ ತಪ್ಪು. ಅವನು ಸತ್ತದ್ದು ಅದಕ್ಕೂ ಒಂದೆರಡು ವರ್ಷ ಆಚೆಗೆ. ಮೇಲಿನ 84 ಕೂಡ ಉಬ್ಬಿಸಿದ ವಯಸ್ಸು. ಶಿಲಾಶಾಸನ ಎಂದರೆ ಸುಳ್ಳಾಡುವುದಿಲ್ಲ ಎಂದು ನಂಬಿ ಬೆಳೆದವರು ನಾವು.

ಹಡಗಿನ ಕಥೆ ಗೊತ್ತಿರುವವರು ಒಂದು ನಿಮಿಷ ಸಹಿಸಿಕೊಳ್ಳಿ. 1620ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ 102 ಪ್ರಯಾಣಿಕರೊಂದಿಗೆ ಮೇಫ್ಲವರ್ ಹೊರಟಿತು. ನವೆಂಬರಿನಲ್ಲಿ ಅಮೆರಿಕದ ಕೇಪ್ ಕಾಡ್ ತಲುಪಿತು. ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಉಳಿದವರನ್ನು ಅಮೆರಿಕ ತನ್ನ ಮೂಲಪುರುಷರ ಸಾಲಿನಲ್ಲಿ ಕೂರಿಸಿತು. ಅವರ ವಂಶದವರೆಂದು ದಾಖಲೆ ತೋರಿಸಿ ಸಂಘದ ಸದಸ್ಯತ್ವ ಪಡೆಯುವುದು ಅಲ್ಲಿ ದೊಡ್ಡ ಹೆಮ್ಮೆ.

ಆ ಹಡಗಿನಲ್ಲಿ ಅಪ್ಪ ಅಮ್ಮ ಇಲ್ಲದೆ ಬಂದ ನಾಲ್ಕು ಮಕ್ಕಳಿದ್ದರು. ಎಲೆನ್, ಜಾಸ್ಪರ್, ರಿಚರ್ಡ್, ಮೇರಿ. ಎಂಟು, ಏಳು, ಐದು, ನಾಲ್ಕು ವರ್ಷ. ಅದೇ ಹಡಗಿನಲ್ಲಿ ಬಂದವರಿಗೆ ಇವರನ್ನು ಒಪ್ಪಿಸಿತ್ತು: ಎಲೆನ್‌ಳನ್ನು ಎಡ್ವರ್ಡ್ ವಿನ್ಸ್ಲೋ ಮನೆಗೆ, ಜಾಸ್ಪರ್‌ನನ್ನು ಜಾನ್ ಕಾರ್ವರ್ ಮನೆಗೆ, ಉಳಿದಿಬ್ಬರನ್ನು ವಿಲಿಯಂ ಬ್ರೂಸ್ಟರ್ ಮನೆಗೆ ಹಂಚಿದ್ದರು. ಹಡಗು ಇನ್ನೂ ಕೇಪ್ ಕಾಡ್‌ನಲ್ಲಿ ನಿಂತಿರುವಾಗಲೇ, ಡಿಸೆಂಬರಿನಲ್ಲಿ ಜಾಸ್ಪರ್ ಹೋದ. ಚಳಿಗಾಲ ಕಳೆಯುವಷ್ಟರಲ್ಲಿ ಹೆಣ್ಣುಮಕ್ಕಳಿಬ್ಬರೂ ಹೋದರು. ರಿಚರ್ಡ್ ಒಬ್ಬ ಉಳಿದ.

ಯಾರ ಮಕ್ಕಳು ಇವು? ಇಷ್ಟು ಚಿಕ್ಕವರನ್ನು ಕಳಿಸಿದ್ದು ಯಾರು, ಯಾಕೆ?

ಮೊದಲ ಸುಳಿವು ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ತನ್ನ ಕೈಬರಹದಲ್ಲಿ ಬರೆದಿಟ್ಟ ಪಟ್ಟಿ. ಆ ಹಸ್ತಪ್ರತಿಯದೇ ಒಂದು ಪುರಾಣ. ಬಾಸ್ಟನ್ನಿನಿಂದ ಕಾಣೆಯಾಗಿ, 1855ರಲ್ಲಿ ಲಂಡನ್ ಬಿಷಪ್ಪರ ಫುಲಂ ಅರಮನೆಯ ಪುಸ್ತಕಗಳ ನಡುವೆ ಪತ್ತೆಯಾಗಿ, 1897ರಲ್ಲಿ ವಾಪಸ್ ಬಂತು. ಅದರಲ್ಲಿ ಬ್ರೂಸ್ಟರ್ ಮನೆಯ ಮಕ್ಕಳ ಬಗ್ಗೆ ಬರೆದಿರುವುದು ‘ರಿಚರ್ಡ್ ಮೋರ್ ಮತ್ತು ಅವನ ಇನ್ನೊಬ್ಬ ತಮ್ಮ’ ಎಂಬ ಅರ್ಥದಲ್ಲಿ. ತಮ್ಮನಲ್ಲ, ತಂಗಿ. ಮೇರಿ. ಬ್ರಾಡ್‌ಫರ್ಡ್ ಅದೇ ಹಡಗಿನಲ್ಲಿ ಬಂದವನು, ಆ ಮಗುವನ್ನು ಕಣ್ಣಾರೆ ಕಂಡಿರಬೇಕು. ಮೂವತ್ತು ವರ್ಷದ ನಂತರ ನೆನಪಿನಿಂದ ಬರೆಯುವಾಗ ಹುಡುಗಿ ಹುಡುಗನಾದಳು. ಆ ಒಂದು ಪದವನ್ನು ನಂಬಿ ಎರಡನೇ ಗಂಡುಮಗುವನ್ನು ಹುಡುಕಿದವರ ಪಾಡು ನೆನೆಸಿಕೊಳ್ಳಿ.

ಅನಾಥ ಮಕ್ಕಳಿರಬೇಕು, ಲಂಡನ್ನಿನ ಬೀದಿಯಿಂದ ಹಿಡಿದು ಕಳಿಸಿರಬೇಕು ಎಂಬುದು ಬಹುಕಾಲದ ಊಹೆ. ಅದೇನೂ ಕಾಡುಹರಟೆ ಅಲ್ಲ. ಮೇಫ್ಲವರ್‌ಗೆ ಒಂದು ವರ್ಷ ಮೊದಲಷ್ಟೇ ಲಂಡನ್ನಿನಿಂದ ನೂರರಷ್ಟು ಬಡ ಮಕ್ಕಳನ್ನು ವರ್ಜೀನಿಯಾಕ್ಕೆ ಸಾಗಿಸಿದ್ದರು. ರಿಚರ್ಡ್ ತಾನೇ 1684ರಲ್ಲಿ ಕೊಟ್ಟ ಒಂದು ಸಾಕ್ಷ್ಯದಲ್ಲಿ, 1620ರಲ್ಲಿ ಲಂಡನ್ನಿನಲ್ಲಿ ಕಬ್ಬಿಣದ ವ್ಯಾಪಾರಿ ಥಾಮಸ್ ವೆಸ್ಟನ್ ಮನೆಯಲ್ಲಿದ್ದೆ, ಅಲ್ಲಿಂದ ಅಮೆರಿಕದ ನ್ಯೂ ಪ್ಲಿಮತ್ ವಸಾಹತಿಗೆ ಸಾಗಿಸಿದರು ಎನ್ನುತ್ತಾನೆ. ‘ಬಂದೆ’ ಎನ್ನುವುದಿಲ್ಲ, ‘ಸಾಗಿಸಿದರು’ ಎನ್ನುತ್ತಾನೆ. ಎಪ್ಪತ್ತರ ಮುದುಕ. ಅದಕ್ಕೂ ಹಿಂದಿನ ಮಾತು ಒಂದೂ ಇಲ್ಲ.

ಆದರೆ ಅದಕ್ಕೂ ಹಿಂದಿನದು ಇಂಗ್ಲೆಂಡಿನ ಷ್ರಾಪ್‌ಷೈರಿನ ಷಿಪ್ಟನ್ ಎಂಬ ಹಳ್ಳಿಯ ಚರ್ಚಿನ ಪುಸ್ತಕದಲ್ಲಿ ಕೂತಿತ್ತು. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಪ್ಯಾರಿಷ್‌ನವರೂ, ಅಂದರೆ ಪ್ರತಿ ಚರ್ಚಿನ ವ್ಯಾಪ್ತಿಯವರೂ, ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದನ್ನು ಬರೆದಿಡಬೇಕೆಂಬ ಆಜ್ಞೆಯಿತ್ತು. ಷಿಪ್ಟನ್ನಿನಲ್ಲಿ ನಾಲ್ಕು ದೀಕ್ಷಾಸ್ನಾನ: ಎಲೆನ್ 1612ರ ಮೇ, ಜಾಸ್ಪರ್ 1613ರ ಆಗಸ್ಟ್, ರಿಚರ್ಡ್ 1614ರ ನವೆಂಬರ್, ಮೇರಿ 1616ರ ಏಪ್ರಿಲ್. ತಂದೆ ಸ್ಯಾಮ್ಯುಯೆಲ್ ಮೋರ್. ಒಬ್ಬ ರಿಚರ್ಡ್ ಮೋರ್ ಸಿಕ್ಕಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ, ನಮ್ಮಲ್ಲಿ ಬಸಪ್ಪ ಇದ್ದ ಹಾಗೆ ಅಲ್ಲಿ ರಿಚರ್ಡ್. ನಾಲ್ಕು ಹೆಸರೂ ಒಂದೇ ಮನೆಯಲ್ಲಿ, ವಯಸ್ಸಿಗೆ ಸರಿಯಾಗಿ ಸಿಕ್ಕರೆ ಅದು ಬೇರೆ ಮಾತು. ಹುಡುಕುವಾಗ ಒಬ್ಬರನ್ನು ಹುಡುಕಬೇಡಿ, ಒಡಹುಟ್ಟಿದವರ ಗುಂಪನ್ನು ಹುಡುಕಿ.

ಅಲ್ಲೊಂದು ಎಡವುಗಲ್ಲೂ ಇದೆ. ಆ ಕಾಲದ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮಗೆ ಯುಗಾದಿ ಇದ್ದ ಹಾಗೆ ಅನ್ನಿ. 1752ರಲ್ಲಿ ಜನವರಿ 1ಕ್ಕೆ ಬಂದರು. ಹಾಗಾಗಿ ನಾವು 1611ರ ಫೆಬ್ರವರಿ ಎನ್ನುವ ಸ್ಯಾಮ್ಯುಯೆಲ್ಲನ ಮದುವೆ ಅವರ ಲೆಕ್ಕದಲ್ಲಿ ಇನ್ನೂ 1610. ತಿದ್ದಿಕೊಳ್ಳದೆ ಓದಿದರೆ ಮದುವೆಗೂ ಮೊದಲ ಕೂಸಿಗೂ ನಡುವೆ ಒಂದು ವರ್ಷ ಸುಮ್ಮನೆ ಸೇರಿಕೊಳ್ಳುತ್ತದೆ.

ಈಗ ಒಗಟು ಬಿಗಿಯಾಯಿತು. ಇವು ಬೀದಿ ಮಕ್ಕಳಲ್ಲ, ಜಮೀನ್ದಾರರ ಮನೆಯ ಮಕ್ಕಳು. ಅಪ್ಪ ಬದುಕಿದ್ದಾನೆ. ಅಮ್ಮ ಬದುಕಿದ್ದಾಳೆ. ಲಾರ್ಡ್ ಝೂಷ್ ಎಂಬ ದೊಡ್ಡ ಮನುಷ್ಯನಿಗೆ ಅಪ್ಪ ಕಾರ್ಯದರ್ಶಿ. ಅಂಥ ಮನೆಯವರು ನಾಲ್ಕು ವರ್ಷದ ಹೆಣ್ಣುಮಗುವನ್ನು ಅಪರಿಚಿತರ ಜೊತೆ ಅಟ್ಲಾಂಟಿಕ್ ದಾಟಿಸುತ್ತಾರೆಯೇ?

ಉತ್ತರ ಸಿಕ್ಕಿದ್ದು 1959ರಲ್ಲಿ, ಅದೂ ಅಮೆರಿಕದಲ್ಲಲ್ಲ. ಸ್ಯಾಮ್ಯುಯೆಲ್ಲನ ವಂಶದ ಜಾಸ್ಪರ್ ಮೋರ್ ಎಂಬವರು, ವಂಶಾವಳಿ ತಜ್ಞ ಆಂಟನಿ ವ್ಯಾಗ್ನರ್ ಅವರ ಒತ್ತಾಯಕ್ಕೆ ಮನೆಯ ಹಳೇ ಕಾಗದಗಳನ್ನು ಜಾಲಾಡಿದರು. 1622ರ ಒಂದು ಕಾಗದ ಸಿಕ್ಕಿತು. ಮಕ್ಕಳ ತಾಯಿ ಕ್ಯಾಥರೀನ್, ನನ್ನ ಮಕ್ಕಳನ್ನು ಏನು ಮಾಡಿದೆ ಎಂದು ಮುಖ್ಯ ನ್ಯಾಯಾಧೀಶ ಜೇಮ್ಸ್ ಲೇ ಮುಂದೆ ದೂರು ಒಯ್ದಿದ್ದಳು. ಅದಕ್ಕೆ ಸ್ಯಾಮ್ಯುಯೆಲ್ ಕಡೆಯ ಉತ್ತರ ಈ ಕಾಗದ. ವ್ಯಾಗ್ನರ್ ಅದನ್ನು ಮರುವರ್ಷ ನ್ಯೂ ಇಂಗ್ಲೆಂಡಿನ ವಂಶಾವಳಿ ಪತ್ರಿಕೆಯಲ್ಲಿ ಪ್ರಕಟಿಸಿದರು.

ಕಥೆ ಇಷ್ಟು. ಕ್ಯಾಥರೀನಳ ತಂದೆಗೆ ಗಂಡು ಸಂತಾನ ಉಳಿಯಲಿಲ್ಲ. ಲಾರ್ಡನ್ ಎಂಬ ಆಸ್ತಿ ಮೋರ್ ಮನೆತನ ಬಿಟ್ಟು ಹೋಗಬಾರದೆಂದು ಸಂಬಂಧದೊಳಗೇ ಮದುವೆ. ಹುಡುಗ ಮೀಸೆ ಚಿಗುರದವನು, ಹೆಣ್ಣು ಏಳೆಂಟು ವರ್ಷ ಹಿರಿಯಳು. ಈ ಆಸ್ತಿ ಮದುವೆಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಐದು ವರ್ಷದಲ್ಲಿ ನಾಲ್ಕು ಮಕ್ಕಳು. ಗಂಡ ಹೆಚ್ಚು ಕಾಲ ಲಂಡನ್ನಿನಲ್ಲಿ. ಕೊನೆಗೆ ಅವನು, ಈ ಮಕ್ಕಳು ನನ್ನವಲ್ಲ, ನೆರೆಯ ಗೇಣಿದಾರ ಜೇಕಬ್ ಬ್ಲೇಕ್‌ವೇಯವು ಎಂದ. ಅದಕ್ಕೆ ಅವನು ಕೊಟ್ಟ ಪುರಾವೆಯಲ್ಲಿ ಒಂದು ಮಕ್ಕಳ ಮುಖ. ಮುಖದಲ್ಲೂ ಮೈಕಟ್ಟಿನಲ್ಲೂ ಹೆಚ್ಚಿನವರು ಬ್ಲೇಕ್‌ವೇಯನ್ನೇ ಹೋಲುತ್ತಾರೆ ಎಂದು ಕಾಗದ ಹೇಳುತ್ತದೆ. ಕ್ಯಾಥರೀನ್ ಇಲ್ಲ ಎನ್ನಲಿಲ್ಲ. ನನಗೂ ಬ್ಲೇಕ್‌ವೇಗೂ ಮೊದಲೇ ಮಾತಾಗಿತ್ತು, ಸಾಕ್ಷಿ ಇಟ್ಟು ಸಾಬೀತು ಮಾಡಲಾರೆ, ಆದರೆ ದೇವರ ಮುಂದೆ ಎಲ್ಲ ಒಂದೇ ಎಂದಳಂತೆ.

1616ರಲ್ಲಿ ಮಕ್ಕಳನ್ನು ಕಿತ್ತು ಒಬ್ಬ ಒಕ್ಕಲಿನವರ ಮನೆಯಲ್ಲಿಟ್ಟರು. ಮೇರಿ ಆಗ ಹಸುಗೂಸು. ಕ್ಯಾಥರೀನ್ ಅಲ್ಲಿಗೆ ಮತ್ತೆ ಮತ್ತೆ ಹೋಗಿ, ಬೈದು ರಂಪ ಮಾಡಿ, ಮಕ್ಕಳ ಮೈಮೇಲಿನ ಬಟ್ಟೆ ಹರಿದಳು ಎಂದು ಸ್ಯಾಮ್ಯುಯೆಲ್ಲನ ಆರೋಪ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಹೆತ್ತ ಮಕ್ಕಳನ್ನು ಎಳೆದುಕೊಳ್ಳಲು ಹೋದವಳ ಕೈಗೆ ಬಟ್ಟೆ ಹರಿದು ಬಂತೋ, ಅಥವಾ ನಿಜವಾಗಿ ಹರಿದಳೋ? ಕಾಗದ ಬರೆಸಿದವನು ಗಂಡ. ದಾವೆಯ ಕಾಗದದಲ್ಲಿ ಎದುರುಪಕ್ಷದವರ ಸಿಟ್ಟು ಮಾತ್ರ ಕಾಣುತ್ತದೆ, ಕಾರಣ ಕಾಣುವುದಿಲ್ಲ. ನಮ್ಮ ಕೋರ್ಟಿನ ಹಳೇ ಕಡತ ಓದಿದವರಿಗೆ ಇದು ಗೊತ್ತು.

ನಾಲ್ಕು ವರ್ಷ ಕೋರ್ಟು ನಡೆಯಿತು. 1620ರ ಜುಲೈನಲ್ಲಿ ಅವಳ ಕೊನೆಯ ಮೇಲ್ಮನವಿ ಬಿತ್ತು. ಕೂಡಲೇ ಮಕ್ಕಳನ್ನು ಲಂಡನ್ನಿಗೆ ತಂದು, ಫಿಲೆಮನ್ ಪೊವೆಲ್ ಎಂಬವನ ಮೂಲಕ, ಹಡಗಿನ ಯಾತ್ರೆಯ ಏರ್ಪಾಡು ನೋಡುತ್ತಿದ್ದ ಕಾರ್ವರ್ ಮತ್ತು ರಾಬರ್ಟ್ ಕುಶ್ಮನ್ ವಶಕ್ಕೆ ಕೊಟ್ಟರು. ಒಟ್ಟು 100 ಪೌಂಡ್ ಖರ್ಚು. ಏಳು ವರ್ಷ ಊಟ, ಬಟ್ಟೆ ಕೊಟ್ಟು ಸಾಕಿ, ನಂತರ ತಲೆಗೆ 50 ಎಕರೆ ಭೂಮಿ ಕೊಡಬೇಕೆಂಬ ಕರಾರು. ಹುಟ್ಟಿನ ಕಳಂಕ ಅಂಟಿದ ಮಕ್ಕಳು ಇಲ್ಲಿದ್ದರೆ ಹಾಳಾಗುತ್ತವೆ, ಅವರ ಒಳ್ಳೆಯದಕ್ಕೇ ಕಳಿಸಿದೆ ಎಂಬ ಧಾಟಿ ಅವನದು. ಅವನ ಕಣ್ಣಿಗೆ ಅದು ನಿಜವೇ ಇದ್ದಿರಬಹುದು, ಅವನು ಕೊಟ್ಟು ಕಳಿಸಿದ ಹಣವನ್ನೂ ನಾನು ಮರೆಯುವುದಿಲ್ಲ. ಆದರೆ ಹಾದರದ ಮಕ್ಕಳಿಗೆ ಅಷ್ಟು ದೂರದ ಒಳ್ಳೆಯದೇ ಯಾಕೆ ಬೇಕಾಯಿತು? ತಾಯಿಯ ಕೈಗೆ ಎಟುಕದಷ್ಟು ದೂರ ಎಂಬುದೇ ನನಗೆ ತೋರುವ ಉತ್ತರ.

ವಂಶ ಹುಡುಕುವವರು ಒಂದು ಸೂಕ್ಷ್ಮ ಗಮನಿಸಬೇಕು. ಯಾಕೆ ಕಳಿಸಿದರು ಎಂಬುದಕ್ಕೆ ಕಾಗದ ಉತ್ತರ ಕೊಟ್ಟಿತು. ಯಾರ ಮಗ ಎಂಬುದನ್ನು ಇನ್ನಷ್ಟು ಕಲಕಿತು. ಚರ್ಚಿನ ಪುಸ್ತಕ ಸ್ಯಾಮ್ಯುಯೆಲ್ ಎನ್ನುತ್ತದೆ, ಸ್ಯಾಮ್ಯುಯೆಲ್ ಬ್ಲೇಕ್‌ವೇ ಎನ್ನುತ್ತಾನೆ. ಅಲುಗಾಡದೆ ನಿಂತಿರುವುದು ತಾಯಿ ಒಬ್ಬಳೇ. ತಮಾಷೆ ಎಂದರೆ, ಈ ವಂಶದ ಅಮೆರಿಕನ್ನರು ಇಂಗ್ಲೆಂಡಿನ ರಾಜರ ತನಕ ಗೆರೆ ಎಳೆಯುವುದೂ ಅವಳ ಮೂಲಕವೇ.

ರಿಚರ್ಡ್ ಬೆಳೆದ. 1627ರಲ್ಲಿ ನ್ಯೂ ಪ್ಲಿಮತ್‌ನವರು ದನಕರು ಪಾಲು ಮಾಡಿಕೊಂಡ ಪಟ್ಟಿಯಲ್ಲಿ ಬ್ರೂಸ್ಟರ್ ಮನೆಯವರ ಜೊತೆ ಅವನ ಹೆಸರಿದೆ. ಇಂಥ ದನದ ಪಟ್ಟಿಗಳನ್ನು ತಾತ್ಸಾರ ಮಾಡಬೇಡಿ. ಇಷ್ಟು ಜನ, ಇಷ್ಟು ಆಕಳು ಎಂದು ಪಾಲು ಲೆಕ್ಕ ಹಾಕುವಾಗ ಬದುಕಿರುವವರ ಹೆಸರು ಬಿಡುವುದಿಲ್ಲ. 1636ರಲ್ಲಿ ಕ್ರಿಶ್ಚಿಯನ್ ಹಂಟರ್ ಎಂಬವಳನ್ನು ಮದುವೆಯಾದ. ಸೇಲಂಗೆ ಹೋಗಿ ಹಡಗಿನ ಕ್ಯಾಪ್ಟನ್ ಆದ. ಹೆಂಡತಿ ಬದುಕಿರುವಾಗಲೇ, 1645ರಲ್ಲಿ, ಲಂಡನ್ನಿನ ಸ್ಟೆಪ್ನಿ ಚರ್ಚಿನ ಮದುವೆ ಪುಸ್ತಕದಲ್ಲಿ ‘ನ್ಯೂ ಇಂಗ್ಲೆಂಡಿನ ಸೇಲಂನ ನಾವಿಕ ರಿಚರ್ಡ್ ಮೋರ್’ ಎಂದು ಒಂದು ಸಾಲು, ಜೊತೆಗೆ ಲೈಮ್‌ಹೌಸಿನ ಒಬ್ಬ ಎಲಿಜಬೆತ್. ಎರಡು ದಡದಲ್ಲಿ ಎರಡು ಸಂಸಾರ! 1688ರಲ್ಲಿ ಸೇಲಂ ಚರ್ಚು ಪರಸ್ತ್ರೀ ಸಂಗದ ತಪ್ಪಿಗೆ ಈ ಎಪ್ಪತ್ತು ದಾಟಿದವನನ್ನು ಹೊರಗಿಟ್ಟಿತು. ಹಡಗಿನ ಯಾತ್ರಿಕರನ್ನು ಸಂತರೆಂದು ಪೂಜಿಸುವವರಿಗೆ ಇವನು ನುಂಗಲಾರದ ತುತ್ತು. ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ, ಆದರೆ ಕ್ರಿಶ್ಚಿಯನ್ ಹಂಟರ್ ಪರವಾಗಿ ಬರುತ್ತದೆ.

ಸ್ಟೆಪ್ನಿ ಚರ್ಚಿನಲ್ಲಿ ಅವನು ನಿಂತಿದ್ದ ಆ 1645ರಲ್ಲಿ ಸ್ಯಾಮ್ಯುಯೆಲ್ ಮೋರ್ ಇನ್ನೂ ಬದುಕಿದ್ದ. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆಯುತ್ತಿದ್ದ ಒಳಯುದ್ಧದಲ್ಲಿ ಪಾರ್ಲಿಮೆಂಟಿನ ಕಡೆಯ ಸೇನಾನಿ. ಅದರ ಹಿಂದಿನ ವರ್ಷವಷ್ಟೇ ಹಾಪ್ಟನ್ ಕೋಟೆಯಲ್ಲಿ ಅವನ ಕೈಕೆಳಗಿನವರನ್ನೆಲ್ಲ ಶತ್ರುಗಳು ಕೊಂದು ಅವನನ್ನು ಮಾತ್ರ ಬಿಟ್ಟಿದ್ದರು. ಅವನೂ ಒಬ್ಬನೇ ಉಳಿದವನು. ಥೇಮ್ಸ್ ದಡದ ಲೈಮ್‌ಹೌಸಿನಿಂದ ಷಿಪ್ಟನ್ನಿಗೆ ಕುದುರೆಯ ಮೇಲೆ ಕೆಲವೇ ದಿನಗಳ ದಾರಿ. ಅಟ್ಲಾಂಟಿಕ್ ದಾಟಿ ಬಂದಿದ್ದ ಮಗ ಅಷ್ಟು ದೂರ ಹೋದ ಎನ್ನುವುದಕ್ಕೆ ನಾನು ಓದಿದ್ದರಲ್ಲಿ ಒಂದು ಸಾಲೂ ಇಲ್ಲ.

ನಮಸ್ಕಾರ.