ಎರಡು ಮಿಲಿಮೀಟರ್ ಖಾಲಿ ಜಾಗ

ನಮಸ್ಕಾರ. ಈ ನೆಗೆಟಿವ್ ಪಟ್ಟಿಯನ್ನು ಬೆಳಕಿಗೆ ಹಿಡಿಯುತ್ತೇನೆ, ನೋಡಿ. ಮೊದಲ ನಾಲ್ಕು ಚಿತ್ರಗಳ ನಡುವಿನ ಅಂತರ ಸರಿಯಾಗಿದೆ. ಆರನೆಯದು ಐದನೆಯದರ ಅಂಚನ್ನು ತುಳಿದು ಕೂತಿದೆ. ಒಂಬತ್ತರ ಹೊತ್ತಿಗೆ ಮತ್ತೆ ಎಲ್ಲ ಸರಿ. ಇದು ಹಳೆಯ ಸೋವಿಯತ್ ಕ್ಯಾಮೆರಾ ಒಂದರಲ್ಲಿ ತೆಗೆದದ್ದು. "ರಷ್ಯನ್ ಕ್ಯಾಮೆರಾ ಅಂದ್ರೆ ಹಾಗೇ ಬಿಡಿ" ಅಂತ ಇಂಥವನ್ನು ಕಪಾಟಿನಲ್ಲಿಟ್ಟು ಮರೆತವರು ಬಹಳ. ನನಗೆ ಅದು ನೋವಿನ ಸಂಗತಿ. ರೋಗ ಎಲ್ಲಿದೆ ಅಂತ ಪಟ್ಟಿಯೇ ಹೇಳುತ್ತಿರುತ್ತದೆ, ನಾವು ಓದುವುದಿಲ್ಲ.

35 ಎಂಎಂ ಫಿಲ್ಮಿನಿಂದ ಶುರು ಮಾಡೋಣ. ಅಂಚಿನ ರಂಧ್ರದಿಂದ ರಂಧ್ರಕ್ಕೆ 4.75 ಮಿಲಿಮೀಟರ್. ಒಂದು ಚಿತ್ರಕ್ಕೆ ಎಂಟು ರಂಧ್ರ ಸರಿಯುತ್ತವೆ, ಅಂದರೆ 38 ಮಿ.ಮೀ. ಚಿತ್ರದ ಅಗಲ 36. ಉಳಿಯುವ ಎರಡು ಮಿಲಿಮೀಟರೇ ನಮ್ಮ ಖಾಲಿ ಜಾಗ. ಉಕ್ರೇನಿನ ಖಾರ್ಕಿವ್‌ನಲ್ಲಿ, ಜೆರ್ಜಿನ್‌ಸ್ಕಿ ಹೆಸರಿನ ಕಮ್ಯೂನ್‌ನ, ಅಂದರೆ ನಿರ್ಗತಿಕ ಮಕ್ಕಳ ವಸತಿ ಶಾಲೆಯ, ಮಕ್ಕಳ ಕೈಯಲ್ಲಿ 1934ರಿಂದ ತಯಾರಾದ ಫೆಡ್, ಎರಡನೇ ಮಹಾಯುದ್ಧದ ನಂತರ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿ ಬಂದ ಜೋರ್ಕಿ, ಎರಡೂ ಜರ್ಮನಿಯ ಲೈಕಾ ಕ್ಯಾಮೆರಾದ ಮಾದರಿಯವು. ಎರಡರಲ್ಲೂ ಹಲ್ಲಿನ ಚಕ್ರವೊಂದು ಫಿಲ್ಮನ್ನು ಅಳೆದು ಬಿಡುತ್ತದೆ.

ಈಗ ಸ್ಕೇಲ್ ಇಟ್ಟು ಅಳೆಯಿರಿ. ಮುಂದಿನ ಚಿತ್ರ ಹಿಂದಿನದರ ಮೇಲೆ 2.75 ಮಿ.ಮೀ. ಹತ್ತಿದೆಯೇ? ಹಾಗಿದ್ದರೆ ಕರಾರುವಾಕ್ಕಾಗಿ ಒಂದು ರಂಧ್ರ ತಪ್ಪಿದೆ. ಹಲ್ಲಿನಿಂದ ಫಿಲ್ಮ್ ಜಾರಿದೆ, ಅಥವಾ ರಂಧ್ರ ಹರಿದಿದೆ. ಅಂತರ ಅರ್ಧ, ಒಂದು ಮಿಲಿಮೀಟರಿನಷ್ಟು ಆಚೀಚೆ ತೂಗಾಡುತ್ತಿದ್ದರೆ ಕಥೆಯೇ ಬೇರೆ. ಆಗ ಚಕ್ರ ಪ್ರತಿ ಸಲ ಒಂದೇ ಕಡೆ ನಿಲ್ಲುತ್ತಿಲ್ಲ. ಮುಗಿದ ಫಿಲ್ಮನ್ನು ಹಿಂದಕ್ಕೆ ಸುತ್ತುವುದಕ್ಕಾಗಿ ಚಕ್ರವನ್ನು ಬಿಡಿಸುವ ಕ್ಲಚ್ ಸವೆದಿದೆಯೇ ಅಂತ ನಾನು ಮೊದಲು ಅಲ್ಲೇ ನೋಡುತ್ತೇನೆ.

ರಂಧ್ರ ಹರಿಯುವುದು ಎಷ್ಟೋ ಸಲ ನಮ್ಮ ಕೈಯಿಂದಲೇ. ಹಳೆಯ ಫೆಡ್, ಜೋರ್ಕಿಗಳಿಗೆ ಫಿಲ್ಮನ್ನು ತಳದಿಂದ ಇಳಿಸಬೇಕು. ಅದಕ್ಕೆ ಫಿಲ್ಮಿನ ತುದಿಯನ್ನು ಉದ್ದಕ್ಕೆ, ಸುಮಾರು ಹತ್ತು ಸೆಂಟಿಮೀಟರ್, ಕಿರಿದಾಗಿ ಕತ್ತರಿಸಿಕೊಳ್ಳಬೇಕು. ಈಗಿನ ಫಿಲ್ಮುಗಳ ತುದಿ ಗಿಡ್ಡ. ಹಾಗೇ ತುರುಕಿದರೆ ಅಂಚು ಸಿಕ್ಕಿಕೊಳ್ಳುತ್ತದೆ, ರಂಧ್ರ ಹರಿಯುತ್ತದೆ, ಚೂರು ಶಟರ್‌ಗೆ ಬೀಳುತ್ತದೆ. ಫೆಡ್-2ರಲ್ಲಿ ಹಿಂಬದಿ ಕಳಚಿ ಬರುವುದರಿಂದ ಈ ಕಷ್ಟವಿಲ್ಲ.

120 ಫಿಲ್ಮಿಗೆ, ಅಂದರೆ ಹಿಂದೆ ಕಾಗದವಿಟ್ಟು ಸುತ್ತಿದ ಅಗಲವಾದ ಫಿಲ್ಮಿಗೆ, ರಂಧ್ರಗಳೇ ಇಲ್ಲ. ಲ್ಯುಬಿಟೆಲ್-2 ಎಂಬ ಸೋವಿಯತ್ ಕ್ಯಾಮೆರಾದಲ್ಲಿ ಬೆನ್ನಿನ ಕೆಂಪು ಕಿಟಕಿಯಲ್ಲಿ ಕಾಣುವ ಕಾಗದದ ಮೇಲಿನ ಅಂಕಿ ನೋಡಿ ನಾವೇ ತಿರುಗಿಸುತ್ತೇವೆ, ಅಂತರ ನಮ್ಮ ಕಣ್ಣಿನಷ್ಟೇ ಸಮ. ಕ್ಯಾಮೆರಾ ತಾನೇ ಲೆಕ್ಕ ಇಡುವಲ್ಲಿ ಪೇಚು ಶುರು. ಚಾಪೆ ಸುತ್ತಿದಂತೆ ಸುರುಳಿ ದಪ್ಪಗಾಗುತ್ತ ಹೋಗುತ್ತದೆ. ಫಿಲ್ಮೂ ಅದರ ಹಿಂದಿನ ಕಾಗದವೂ ಸೇರಿ 0.2 ಮಿ.ಮೀ. ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿಗೂ ಸುತ್ತಳತೆ ಸುಮಾರು ಒಂದೂಕಾಲು ಮಿಲಿಮೀಟರ್ ಹೆಚ್ಚುತ್ತದೆ. ಸುತ್ತು ಎಣಿಸುವ ಯಂತ್ರ ಈ ಬೆಳವಣಿಗೆಯನ್ನು ಮೊದಲೇ ಊಹಿಸಿರುತ್ತದೆ. ಇಂದಿನ ತೆಳುವಾದ ಫಿಲ್ಮ್ ಹಾಕಿದರೆ ಆ ಊಹೆ ತಪ್ಪುತ್ತದೆ, ಕೊನೆಕೊನೆಯ ಚಿತ್ರಗಳು ಒತ್ತೊತ್ತಾಗಿ ಬರುತ್ತವೆ. ಎಳೆದುಕೊಳ್ಳುವ ಸುರುಳಿಯ ನಡುಗಂಬಕ್ಕೆ ಒಂದೆರಡು ಸುತ್ತು ಕಾಗದದ ಟೇಪ್ ಅಂಟಿಸಿದರೆ ಅಂತರ ಅಗಲವಾಗುತ್ತದೆ. ಫಿಲ್ಮ್ ತಾಗಿ ತಿರುಗುವ ಉರುಳೆಯಿಂದ ಅಳೆಯುವ ಯಂತ್ರಕ್ಕೆ ಟೇಪ್ ಉಪಯೋಗವಿಲ್ಲ. ಅಲ್ಲಿ ಉರುಳೆ ಜಾರಿದರೆ ಅಂತರ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಉರುಳೆಯ ಜಿಡ್ಡು ಒರೆಸಬೇಕು, ಫಿಲ್ಮನ್ನು ಬಿಗಿಯಾಗಿ ಹಾಕಬೇಕು.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. 35 ಎಂಎಂ ಕ್ಯಾಮೆರಾಗೆ ಬೇಡವಾದ ಫಿಲ್ಮ್ ಹಾಕಿ, ಲೆನ್ಸ್ ತೆಗೆಯಿರಿ. ಶಟರನ್ನು ಬಿ (B) ಗುರುತಿಗಿಟ್ಟು ಗುಂಡಿ ಒತ್ತಿ ಹಿಡಿಯಿರಿ, ಹಿಡಿದಷ್ಟು ಹೊತ್ತು ಅದು ತೆರೆದಿರುತ್ತದೆ. ಚೌಕಟ್ಟಿನ ಒಂದು ಪಕ್ಕದ ಅಂಚಿಗೆ ತೆಳು ಪೆನ್ನಿನಿಂದ ಫಿಲ್ಮಿನ ಮೇಲೆ ಗೀಟೆಳೆಯಿರಿ. ಶಟರ್ ಬಟ್ಟೆಗೆ ಬೆರಳು ತಾಗಕೂಡದು. ಮುಂದಕ್ಕೆ ತಿರುಗಿಸಿ, ಮತ್ತೆ ಅದೇ ಅಂಚಿಗೆ ಗೀಟು. ಹತ್ತು ಹನ್ನೆರಡು ಸಲ ಹೀಗೆ ಮಾಡಿ ಫಿಲ್ಮ್ ಹೊರತೆಗೆದು ಗೀಟಿನಿಂದ ಗೀಟಿಗೆ ಅಳೆಯಿರಿ. ಇಂದು ಅಂಥ ಮೂರು ಪಟ್ಟಿ ತಂದಿದ್ದೇನೆ, ಮೇಜಿನ ಮೇಲಿವೆ. ಸ್ಕೇಲೂ ಇದೆ, ಬನ್ನಿ, ಅಳೆಯೋಣ.