ಡೀಸೆಲ್ ಎಲ್ಲಿ ನಿಂತಿದೆ ಅಂತ ಮೊದ್ಲು ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಮೆಕ್ಯಾನಿಕ್ ಅಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ, ಶಿರಸಿ ಕಡೆ ಅಡಿಕೆ ತೋಟ ಮಾಡ್ಕೊಂಡಿರೋನು, ಮನೇಲೊಂದು ಸಣ್ಣ ಟ್ರ್ಯಾಕ್ಟರ್ ಇದೆ, ಬೆಟ್ಟದಿಂದ ಸೊಪ್ಪು ದರಕು ತರೋದು, ಕೊನೆ ಕೊಯ್ಲಿನ ಟೈಮಲ್ಲಿ ಅಡಿಕೆ ಹೊರೋದು, ಇರೋ ತುಂಡು ಗದ್ದೆ ಹೂಡೋದು ಎಲ್ಲಾ ಅದ್ರದ್ದೇ. ಅದು ಕೈ ಕೊಟ್ಟಾಗ ನಾನು ಮಾಡ್ಕೊಂಡ ಎಡವಟ್ಟು ಒಂದೆರಡಲ್ಲ, ಇವತ್ತು ಅದನ್ನೇ ಹೇಳೋಣ ಅಂತ ಬಂದಿದ್ದೀನಿ.

ಆಯುಧ ಪೂಜೆ ದಿನ ಟ್ರ್ಯಾಕ್ಟರ್ ತೊಳೀಬೇಕಲ್ವಾ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋ ಪಂಪ್ ಖಾಲಿ ಕೂತಿತ್ತು, ಅದನ್ನೇ ಹಚ್ಚಿ ಒಳ್ಳೇ ಫೋರ್ಸಲ್ಲಿ ಮೂಲೆ ಮೂಲೆ ಬಿಡದೆ ತೊಳೆದೆ. ಹೂವಿನ ಮಾಲೆ, ಕುಂಬಳಕಾಯಿ, ಎಲ್ಲಾ ಆಯ್ತು. ಎರಡು ದಿನ ಬಿಟ್ಟು ಬೆಟ್ಟಕ್ಕೆ ಹೊರಟ್ರೆ ಹತ್ತು ನಿಮಿಷ ಓಡಿ ಏರಲ್ಲಿ ಬಂದ್. ಸೆಲ್ಫ್ ಹೊಡೆದೆ, ಹೊಡೆದೆ, ಹೊಡೆದೆ, ಬ್ಯಾಟರಿ ಇಳೀತು. ಮರುದಿನ ಪೇಟೆಗೆ ಹೋಗಿ ಹೊಸ ಡೀಸೆಲ್ ಫಿಲ್ಟರ್ ತಂದು ನಾನೇ ಹಾಕ್ದೆ, ಆಮೇಲಂತೂ ಹತ್ತು ನಿಮಿಷ ಇರ್ಲಿ, ಒಂದು ನಿಮಿಷವೂ ಓಡ್ಲಿಲ್ಲ. ಪಕ್ಕದ ಮನೆ ಭಾವ ಬಂದು ಸುತ್ತ ಒಂದು ರೌಂಡ್ ಹಾಕಿ ನೋಡಿ, ಡೀಸೆಲ್ ಪಂಪ್ ಹೋಯ್ತೋ ಮಾರಾಯ, ಬಿಚ್ಚಿ ಹುಬ್ಬಳ್ಳಿಗೆ ಕಳಿಸು ಅಂದ. ನಮ್ಮಲ್ಲಿ ಯಾರಿಗಾದ್ರೂ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಮೊದ್ಲು ಬಯ್ಯಿಸ್ಕೊಳ್ಳೋದು ಪಂಪೇ, ಪಾಪ.

ಕೊನೆಗೆ ಮೆಕ್ಯಾನಿಕ್ ಹುಡುಗ ಬಂದ. ಪಾನಾ ಮುಟ್ಲೇ ಇಲ್ಲ. ಭಟ್ರೇ ನೀವು ಸೆಲ್ಫ್ ಹೊಡೀರಿ, ನಾನು ಹೊಗೆ ನೋಡ್ತೆ ಅಂತ ಸೈಲೆನ್ಸರ್ ಹತ್ರ ನಿಂತ. ಹೊಗೆ ಇಲ್ಲ. ಅಂದ್ರೆ ಡೀಸೆಲ್ ಇಂಜಿನ್ ಒಳಗೆ ಬರ್ತಾನೇ ಇಲ್ಲ, ಅಷ್ಟೇ ಲೆಕ್ಕ. ಬಿಳಿ ಹೊಗೆ ಬಂದು ಇಂಜಿನ್ ಹಿಡೀದೇ ಇದ್ರೆ ಡೀಸೆಲ್ ಬರ್ತಿದೆ ಆದ್ರೆ ಉರೀತಿಲ್ಲ, ಚಳಿಯೋ ಹೀಟರೋ ನೀರೋ ನೋಡ್ಬೇಕು. ಓಡುವಾಗ ಕಪ್ಪು ಹೊಗೆ ಉಗುಳಿದ್ರೆ ಡೀಸೆಲ್ ಲೈನ್ ಬಿಟ್ಟು ಮೊದ್ಲು ಏರ್ ಕ್ಲೀನರ್ ಬಿಚ್ಚಿ. ಆಮೇಲೆ ಅವನು ಕೇಳಿದ ಎರಡನೇ ಪ್ರಶ್ನೆ ನನಗೆ ಸ್ವಲ್ಪ ಅವಮಾನ ಅನ್ನಿಸ್ತು, ಇಂಜಿನ್ ಬಂದ್ ಮಾಡೋಕೆ ಎಳೆಯೋ ಸ್ಟಾಪ್ ನಾಬ್ ವಾಪಸ್ ಒಳಗೆ ತಳ್ಳಿದೀರಾ ಅಂತ. ತಳ್ಳಿದ್ದೆ. ಆದ್ರೆ ಎಳೆದಿದ್ದ ನಾಬ್ ಹಾಗೇ ಬಿಟ್ಟು ಅವನನ್ನ ಊರಿಂದ ಊರಿಗೆ ಓಡಿಸಿದೋರು ತುಂಬಾ ಜನ ಇದಾರಂತೆ.

ಡೀಸೆಲ್ ಬರೋ ದಾರಿ ಸರಳ. ಟ್ಯಾಂಕ್, ಅದರ ಕೆಳಗೆ ತೆರೆದು ಮುಚ್ಚೋ ಕಾಕ್, ಆಮೇಲೆ ನೀರು ಕಸ ಇಳಿಯೋ ಗಾಜಿನ ಬಟ್ಟಲು, ಕೆಲವಕ್ಕೆ ಡೀಸೆಲ್ ಎಳೆದು ಮುಂದೆ ತಳ್ಳೋ ಫೀಡ್ ಪಂಪ್, ಫಿಲ್ಟರ್, ಜೋರು ಒತ್ತಡ ಕೊಡೋ ಇಂಜೆಕ್ಷನ್ ಪಂಪ್, ಅಲ್ಲಿಂದ ಕಬ್ಬಿಣದ ಸಣ್ಣ ಪೈಪು, ಕೊನೆಗೆ ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸೋ ನಾಜಲ್. ಸಣ್ಣ ಟ್ರ್ಯಾಕ್ಟರಲ್ಲಿ ಟ್ಯಾಂಕ್ ಮೇಲಿದ್ರೆ ಫೀಡ್ ಪಂಪ್ ಇಲ್ದೆಯೂ ತನ್ನಿಂತಾನೇ ಇಳಿದು ಬರ್ತದೆ. ತೋಟಕ್ಕೆ ನೀರು ಬರ್ಲಿಲ್ಲ ಅಂದ್ರೆ ನಾವೇನು ಮಾಡ್ತೀವಿ, ಕೆರೆ ಕಡೆಯಿಂದ ಪೈಪ್ ಹಿಡ್ಕೊಂಡು ಬರ್ತೀವಿ, ಕೊನೇ ಸ್ಪ್ರಿಂಕ್ಲರ್ ಬಿಚ್ಚಿಕೊಂಡು ಕೂರೋದಿಲ್ಲ. ಇಲ್ಲೂ ಹಾಗೇ, ಟ್ಯಾಂಕಿನ ಮುಚ್ಚಳದಿಂದ ಶುರು.

ಮುಚ್ಚಳದಿಂದ ಅಂತ ಸುಮ್ನೆ ಹೇಳ್ತಿಲ್ಲ. ಡೀಸೆಲ್ ಇಳಿದ ಜಾಗಕ್ಕೆ ಗಾಳಿ ಒಳಗೆ ಹೋಗ್ಬೇಕು, ಅದಕ್ಕೆ ಮುಚ್ಚಳದಲ್ಲೊಂದು ಸಣ್ಣ ತೂತು ಇರ್ತದೆ. ಅದು ಮುಚ್ಚಿಹೋದ್ರೆ ಟ್ರ್ಯಾಕ್ಟರ್ ಹತ್ತು ಹದಿನೈದು ನಿಮಿಷ ಚೆನ್ನಾಗೇ ಓಡಿ ನಿಲ್ತದೆ, ಅರ್ಧ ಗಂಟೆ ಬಿಟ್ರೆ ಮತ್ತೆ ಸ್ಟಾರ್ಟ್, ಮತ್ತೆ ಬಂದ್. ನಿಂತ ತಕ್ಷಣ ಮುಚ್ಚಳ ತಿರುಗಿಸಿ, ಸುಯ್ ಅಂತ ಗಾಳಿ ಎಳ್ಕೊಂಡ ಶಬ್ದ ಬಂದ್ರೆ ಕಳ್ಳ ಸಿಕ್ಕಿದ. ನಮ್ಮದ್ರಲ್ಲಿ ಮಣ್ಣಿನ ಗೂಡು ಕಟ್ಟೋ ಕಣಜ ಮಳೆಗಾಲದಲ್ಲಿ ಆ ತೂತಿಗೇ ಮೆತ್ತಿ ಇಟ್ಟಿತ್ತು, ನಾನು ನೀರು ಹೊಡೆದಾಗ ಮಣ್ಣು ಕರಗಿ ಒಳಗೆ ಹೋಗಿ ಇನ್ನೂ ಗಟ್ಟಿ ಕೂತಿತ್ತು, ಜೊತೆಗೆ ಒಂದಷ್ಟು ನೀರೂ ಟ್ಯಾಂಕಿಗೆ. ಮೆಕ್ಯಾನಿಕ್ ಹುಡುಗ ಒಂದು ಸಣ್ಣ ತಂತಿ ಹಾಕಿ ತೆಗೆದ.

ಇನ್ನು ನೀರಿನ ವಿಷಯ. ಇದು ನಮ್ಮ ಜಿಲ್ಲೆಗೆ ಅಂತಾನೇ ಬರ್ದಿಟ್ಟ ಕಾಯಿಲೆ. ಜೂನಿಂದ ಸೆಪ್ಟೆಂಬರ್ ತನಕ ಟ್ರ್ಯಾಕ್ಟರ್ ಕೊಟ್ಟಿಗೆ ಪಕ್ಕ ನಿಂತಿರ್ತದೆ, ಟ್ಯಾಂಕ್ ಅರ್ಧ ಖಾಲಿ, ಆ ಖಾಲಿ ಜಾಗದಲ್ಲಿರೋ ಗಾಳಿಯ ತೇವ ರಾತ್ರಿ ತಣ್ಣಗಾದಾಗ ಬೆವರಿ ಟ್ಯಾಂಕಿನ ಗೋಡೆ ಹಿಡಿದು ಇಳೀತದೆ. ಕಾರವಾರ ಅಂಕೋಲಾ ಕಡೆಯೋರಿಗೆ ಜೊತೆಗೆ ಉಪ್ಪು ಗಾಳಿ, ಟ್ಯಾಂಕ್ ತುಕ್ಕು, ಪೈಪಿನ ಕ್ಲಿಪ್ ತುಕ್ಕು. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗೋದು, ನೀರು 1 ಕೆಜಿ, ಹಾಗಾಗಿ ನೀರು ಯಾವಾಗ್ಲೂ ತಳಕ್ಕೇ ಹೋಗಿ ಕೂರ್ತದೆ, ಇಂಜಿನ್ನಿಗೆ ಡೀಸೆಲ್ ಹೋಗೋ ದಾರಿ ಇರೋದೂ ತಳದಲ್ಲೇ. ತಿಂಗಳುಗಟ್ಟಲೆ ಬಿಟ್ರೆ ನೀರು ಡೀಸೆಲ್ ಸೇರೋ ಜಾಗದಲ್ಲಿ ಪಾಚಿ ಥರ ಕಂದು ಲೋಳೆ ಬೆಳೀತದೆ, ಅದು ಬಂದು ಫಿಲ್ಟರ್ ಕಟ್ತದೆ. ನೋಡೋದು ಸುಲಭ, ಬೆಳಿಗ್ಗೆ ಟ್ರ್ಯಾಕ್ಟರ್ ಅಲ್ಲಾಡಿಸೋಕೆ ಮೊದ್ಲು ಬಟ್ಟಲಿನಿಂದಲೋ ಫಿಲ್ಟರ್ ಕೆಳಗಿನ ಡ್ರೈನಿಂದಲೋ ಅರ್ಧ ಲೋಟ ಇಳಿಸಿ, ಪಾರದರ್ಶಕ ಬಾಟ್ಲಿಗೆ ಹಾಕಿ ಕಟ್ಟೆ ಮೇಲಿಡಿ, ಒಂದು ಚಾ ಕುಡಿದು ಬರೋಷ್ಟ್ರಲ್ಲಿ ನೀರಿದ್ರೆ ಕೆಳಗೆ ಗುಂಡುಗುಂಡಾಗಿ ಕಾಣ್ತದೆ. ಶುದ್ಧ ಡೀಸೆಲ್ ಬರೋ ತನಕ ಇಳಿಸ್ತಾ ಇರಿ. ಕ್ಯಾನಲ್ಲಿ ಡೀಸೆಲ್ ತರೋರು ಒಂದು ರಾತ್ರಿ ಕ್ಯಾನ್ ಅಲ್ಲಾಡಿಸ್ದೆ ಇಟ್ಟು, ಸುರಿಯುವಾಗ ತಳದ ಒಂದಿಂಚು ಬಿಡಿ, ಅದು ದೀಪಾವಳಿಗೆ ಪಂಜಿಗೆ ಆಗ್ತದೆ. ಕೆಲಸ ಮುಗಿದ ಸಂಜೆ ಟ್ಯಾಂಕ್ ತುಂಬಿಸಿ ಇಟ್ರೆ ಬೆವರೋಕೆ ಜಾಗವೇ ಇರೋದಿಲ್ಲ.

ನೀರಿಗೆ ಇಷ್ಟೊಂದು ಯಾಕೆ ಹೆದರ್ಬೇಕು ಅಂದ್ರೆ, ಇಂಜೆಕ್ಷನ್ ಪಂಪ್ ಒಳಗೆ ಡೀಸೆಲ್ ಒತ್ತೋ ಕಡ್ಡಿ, ಅಂದ್ರೆ ಪ್ಲಂಜರಿಗೂ, ಅದು ಓಡಾಡೋ ಕೊಳವೆ, ಅಂದ್ರೆ ಬ್ಯಾರಲಿಗೂ ನಡುವೆ ಇರೋ ಜಾಗ 1ರಿಂದ 3 ಮೈಕ್ರಾನ್, ನಮ್ಮ ತಲೆಕೂದಲು 70 ಮೈಕ್ರಾನ್ ಹತ್ರ ದಪ್ಪ. ಆ ಜಾಗಕ್ಕೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದಕ್ಕೆ ಎಣ್ಣೆ. ಅದಕ್ಕೇ ಪಂಪ್ ಮನೇಲಿ ಬಿಚ್ಚೋ ಸಾಮಾನಲ್ಲ.

ನನ್ನ ಎರಡನೇ ಎಡವಟ್ಟು ಹೊಸ ಫಿಲ್ಟರಿನದ್ದು. ಹಳೇ ರಬ್ಬರ್ ರಿಂಗ್ ಮೇಲ್ಗಡೆ ಹೆಡ್ಡಿಗೇ ಅಂಟ್ಕೊಂಡಿತ್ತು, ನೋಡ್ದೆ ಅದರ ಮೇಲೇ ಹೊಸದು ಕೂರಿಸ್ಬಿಟ್ಟೆ, ಸಂದಿಯಿಂದ ಗಾಳಿ ಎಳೀತಿತ್ತು. ಡೀಸೆಲ್ ಲೈನಲ್ಲಿ ಗಾಳಿ ಸೇರಿದ್ರೆ ಪಂಪ್ ಒತ್ತಿದ್ದೆಲ್ಲ ಗಾಳಿ ಕುಗ್ಗೋದ್ರಲ್ಲೇ ಮುಗೀತದೆ, ನಾಜಲ್ ಬಾಯಿ ತೆರೆಯೋದೇ ಇಲ್ಲ. ಒಂದು ತಮಾಷೆ ಗೊತ್ತಾ, ಫೀಡ್ ಪಂಪ್ ಎಳೆಯೋ ಕಡೆ ಪೈಪಲ್ಲಿ ಬಿರುಕಿದ್ರೆ ಹೊರಗೆ ಒಂದು ಹನಿಯೂ ಸೋರದೆ ಗಾಳಿ ಮಾತ್ರ ಒಳಗೆ ಹೋಗ್ಬಹುದು. ಇಲಿ ಕಡಿದ ಪೈಪ್ ಬೆರಳಲ್ಲಿ ಬಗ್ಗಿಸಿ ನೋಡಿದ್ರೇ ಗೊತ್ತಾಗೋದು. ಇನ್ನೊಂದು, ಟ್ಯಾಂಕಲ್ಲಿ ಡೀಸೆಲ್ ಕಮ್ಮಿ ಇಟ್ಕೊಂಡು ಬೆಟ್ಟದ ಏರು ಹತ್ತಿದ್ರೆ ಡೀಸೆಲ್ಲೆಲ್ಲ ಹಿಂದಕ್ಕೆ ಸರಿದು ಕಾಕಿನ ಬಾಯಿ ಖಾಲಿಯಾಗಿ ಗಾಳಿ ಹಿಡೀತದೆ, ಸಮತಟ್ಟು ಗದ್ದೆಯೋರಿಗೆ ಈ ಗೋಳಿಲ್ಲ.

ಗಾಳಿ ತೆಗೆಯೋದು ಹೀಗೆ. ಟ್ಯಾಂಕಿಗೆ ಡೀಸೆಲ್ ಹಾಕಿ, ಕಾಕ್ ಬಿಡಿ, ಫಿಲ್ಟರ್ ತಲೆ ಬಟ್ಟೆಯಲ್ಲಿ ಚೊಕ್ಕ ಒರೆಸಿ, ಮೇಲಿರೋ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ ಫೀಡ್ ಪಂಪಿಗಿರೋ ಕೈ ಪಂಪ್ ಒತ್ತಿ. ಮೊದ್ಲು ಬುರುಬುರು ನೊರೆ ಬರ್ತದೆ, ಗುಳ್ಳೆ ಇಲ್ದೆ ಗಟ್ಟಿ ಧಾರೆ ಬಂದಾಗ, ಧಾರೆ ಹರೀತಿರುವಾಗ್ಲೇ ಸ್ಕ್ರೂ ಬಿಗಿ ಮಾಡ್ಬೇಕು, ನಿಂತ ಮೇಲೆ ಮಾಡಿದ್ರೆ ಮತ್ತೆ ಗಾಳಿ. ಜಾಸ್ತಿ ಬಿಗೀಬೇಡಿ, ಎಷ್ಟೋ ಫಿಲ್ಟರ್ ಹೆಡ್ಡು ಅಲ್ಯೂಮಿನಿಯಂ, ಥ್ರೆಡ್ ಹೋಗ್ತದೆ. ಆಮೇಲೆ ಇದೇ ಕೆಲಸ ಪಂಪ್ ಮೇಲಿನ ಸ್ಕ್ರೂಗೆ. ಅಷ್ಟಾದ್ರೂ ಹಿಡೀಲಿಲ್ಲ ಅಂದ್ರೆ ನಾಜಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಆಕ್ಸಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೀಬೇಕು, ಒಂದ್ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಒಂದು ನಿಮಿಷ ಬಿಡಿ. ಆಗ ಕೈ ದೂರ ಇರ್ಲಿ. ಆ ಪೈಪಲ್ಲಿ ಬರೋ ಒತ್ತಡ ಕಾರಿನ ಟಯರಿನ ಗಾಳಿಗಿಂತ ಐವತ್ತು ಪಟ್ಟು ಮೇಲೆ, ಸಣ್ಣ ಧಾರೆ ಬೆರಳಿಗೆ ಬಡಿದ್ರೆ ಚರ್ಮ ತೂರಿ ಒಳಗೆ ಹೋಗ್ತದೆ, ಹೊರಗೆ ಸೂಜಿ ಚುಚ್ಚಿದ ಹಾಗೆ ಅಷ್ಟೇ ಕಾಣೋದು, ನೋವೂ ಕಮ್ಮಿ, ಆದ್ರೆ ಒಳಗೆ ಕೊಳೆಯೋಕೆ ಶುರು. ಹಾಗಾದ್ರೆ ಅರಿಶಿನ ಹಚ್ಕೊಂಡು ಕೂರಬೇಡಿ, ಅವತ್ತೇ, ಆಗ್ಲೇ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೋಗಿದೆ ಅಂತ ಬಾಯ್ಬಿಟ್ಟು ಹೇಳಿ.

ನಮ್ಮ ಟ್ರ್ಯಾಕ್ಟರ್ ಅವತ್ತು ಒಂದು ತಂತಿ, ಒಂದು ರಿಂಗು, ಮುಕ್ಕಾಲು ಗಂಟೆಯಲ್ಲಿ ಸ್ಟಾರ್ಟ್ ಆಯ್ತು. ಹುಡುಗ ತಗೊಂಡಿದ್ದು ಬಂದು ಹೋಗೋ ಪೆಟ್ರೋಲ್ ಖರ್ಚಿನ ಜೊತೆ ಒಂದು ಬಾಳೆಗೊನೆ. ಭಾವ ಮಾತ್ರ ಇನ್ನೂ ಒಪ್ಪಿಲ್ಲ, ಇವತ್ತಲ್ಲ ನಾಳೆ ಪಂಪ್ ಹೋಗೋದೇ ಅಂತಿದ್ದಾನೆ. ಅಲ್ಲಿ ಗಾಜಿನ ಆಚೆಯಿಂದ ಟೈಮಾಯ್ತು ಅಂತ ಕೈ ತೋರಿಸ್ತಿದಾರೆ. ಬರ್ತೀನಿ, ನಮಸ್ಕಾರ.